ಹುಡುಕಿ ಒತ್ತಿದ ಹೆಸರು

“ಗುರುಗಳೇ, ನಡೆದ ಅವಘಡಕ್ಕೆ ಸರಿಯಾದ ಹೆಸರು ಕೊಟ್ಟರೆ ಅದರ ಕಾರಣವೂ ತಿಳಿದ ಹಾಗೆಯೇ ಅಲ್ಲವೆ?”

ಹೀಗೆ ಕೇಳಿದ ಶಿಷ್ಯನ ಹೆಸರು ಚಿದಂಬರ. ಆ ಆಶ್ರಮದಲ್ಲಿ ದೊಡ್ಡ ಅಡುಗೆಮನೆಯಿತ್ತು. ಕೈ ಸುಡುವುದು, ಕಾಲು ಜಾರುವುದು, ಗ್ಯಾಸ್ ಸೋರುವುದು ಅಲ್ಲಿ ಆಗಾಗ ನಡೆಯುತ್ತಿದ್ದವು. ಅವನ್ನೆಲ್ಲ ದಾಖಲಿಸಿಡಲೆಂದು ಭಕ್ತರೊಬ್ಬರು ಒಂದು ತಂತ್ರಾಂಶವನ್ನು ಕೊಡಿಸಿದ್ದರು. ಅದನ್ನು ಸಿದ್ಧಪಡಿಸುವ ಹೊಣೆ ಚಿದಂಬರನ ಮೇಲೆ ಬಿದ್ದಿತ್ತು. ಅವಘಡಗಳಲ್ಲಿ ಯಾವ ಯಾವ ವರ್ಗಗಳಿವೆ ಎಂದು ತಂತ್ರಾಂಶಕ್ಕೆ ಮೊದಲೇ ಹೇಳಿಕೊಡಬೇಕು. ಆಮೇಲೆ ಏನೇ ನಡೆದರೂ ಅದನ್ನು ಆ ವರ್ಗಗಳಲ್ಲೊಂದಕ್ಕೆ ಸೇರಿಸಬೇಕು. ಚಿದಂಬರ ಕೆಲವು ದಿನಗಳಿಂದ ಇದೇ ಧ್ಯಾನದಲ್ಲಿದ್ದ. ಒಂದು ವರ್ಗ ಸೇರಿಸಿದರೆ ಇನ್ನೊಂದು ಬೇಕೆನಿಸುತ್ತಿತ್ತು.

ಗುರುಗಳು, “ನಿನ್ನ ವರ್ಗಗಳು ಮುಗಿದವೆ?” ಎಂದು ಕೇಳಿದರು.

“ಮುಗಿಯುತ್ತಿಲ್ಲ. ಎಲ್ಲವನ್ನೂ ಹಿಡಿಯುವಷ್ಟು ಹೆಸರುಗಳನ್ನು ಹುಡುಕುತ್ತಿದ್ದೇನೆ.”

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಂದು ಹಾಲಿನ ಡೈರಿ ಇತ್ತು. ಹಾಲು ಬರುವುದು, ಕಾಯುವುದು, ತಣಿಯುವುದು, ಪೊಟ್ಟಣವಾಗಿ ಲಾರಿ ಹತ್ತುವುದು ಎಲ್ಲ ಒಂದೇ ಆವರಣದಲ್ಲಿ ನಡೆಯುತ್ತಿತ್ತು. ಅದರ ಒಡೆಯನನ್ನು ಎಲ್ಲರೂ ಸಾಹುಕಾರರೆಂದು ಕರೆಯುತ್ತಿದ್ದರು. ಒಮ್ಮೆ ಪೊಟ್ಟಣ ಕಟ್ಟುವ ಯಂತ್ರಕ್ಕೆ ಸಿಕ್ಕಿ ಒಬ್ಬ ಕೆಲಸಗಾರನ ಬೆರಳು ಹೋಯಿತು. ಸಾಹುಕಾರ ಕೆಟ್ಟವನಲ್ಲ. ಅವನಿಗೆ ಆ ದಿನ ಊಟ ಸೇರಲಿಲ್ಲ. ಇನ್ನು ಮುಂದೆ ಇಂಥದ್ದಾಗಬಾರದು ಎಂದು ಸುರಕ್ಷತೆಯ ಓದು ಓದಿದ್ದ ನೀಲಾಂಬಿಕೆ ಎಂಬವಳನ್ನು ಕೆಲಸಕ್ಕೆ ತೆಗೆದುಕೊಂಡ. ಅವಳು ಕೇಳಿದ ತಂತ್ರಾಂಶವನ್ನೂ ಕೊಡಿಸಿದ.

ತಂತ್ರಾಂಶ ಬಂದಾಗ ಖಾಲಿಯಾಗಿತ್ತು. ವರ್ಗಗಳನ್ನು ನೀವೇ ತುಂಬಿ ಎಂದು ಅದು ಹೇಳುತ್ತಿತ್ತು. ನೀಲಾಂಬಿಕೆ ತನಗೆ ಹೊಳೆದ ಕೆಲವನ್ನು ತುಂಬಿದಳು. ಸುಟ್ಟ ಗಾಯ, ಬೀಳುವುದು, ಯಂತ್ರದ ದೋಷ, ಹೀಗೆ. ಕೊನೆಯಲ್ಲಿ ‘ಇತರೆ’ ಎಂದು ಒಂದನ್ನು ಇಟ್ಟಳು. ಪ್ರತಿ ವಿಭಾಗದ ಬಾಗಿಲ ಪಕ್ಕದ ಗೋಡೆಗೆ ಒಂದೊಂದು ಟ್ಯಾಬ್ ಜೋಡಿಸಿ, ಏನಾದರೂ ನಡೆದರೆ ಪಾಳಿ ಮುಗಿಸಿ ಹೋಗುವಾಗ ತಮ್ಮ ಹೆಸರು ಹಾಕಿ ವರ್ಗವನ್ನು ಒತ್ತಿ ಹೋಗಬೇಕೆಂದು ಎಲ್ಲರಿಗೂ ತೋರಿಸಿಕೊಟ್ಟಳು.

ಮೊದಲ ತಿಂಗಳು ಬಂದದ್ದೆಲ್ಲ ‘ಇತರೆ’ಗೆ ಬಂದು ಬಿತ್ತು. ತಂತ್ರಾಂಶ ಮಾರಿದವನಿಗೆ ಅವಳು ಫೋನ್ ಮಾಡಿದಳು. ‘ಇತರೆ’ ತುಂಬಿದೆ ಎಂದರೆ ನಿಮ್ಮ ವಿಂಗಡಣೆ ಸಾಲದು ಎಂದರ್ಥ, ಇನ್ನಷ್ಟು ವರ್ಗಗಳನ್ನು ಸೇರಿಸಿ ಎಂದು ಅವನು ಹೇಳಿದ. ಅವಳು ವಿಭಾಗದಿಂದ ವಿಭಾಗಕ್ಕೆ ತಿರುಗಿ ಕೇಳಿ ಸೇರಿಸತೊಡಗಿದಳು. ಬೆಳಕಿನ ಕೊರತೆ ಸೇರಿತು. ಒದ್ದೆ ನೆಲ ಸೇರಿತು. ಭಾರ ಎತ್ತುವಾಗ ಬೆನ್ನು ಹಿಡಿಯುವುದು ಸೇರಿತು. ಕೈಗವಸು ಜಾರುವುದಕ್ಕೂ ಒಂದು ವರ್ಗವಾಯಿತು. ಅವಳಿಗೆ ಈ ಕೆಲಸ ರುಚಿಸಿತು. ಕಂಡದ್ದಕ್ಕೆಲ್ಲ ಹೆಸರಿಡುವುದರಲ್ಲಿ ಒಂದು ಸುಖವಿದೆ. ಕೆಲವು ತಿಂಗಳಲ್ಲಿ ‘ಇತರೆ’ ಬರಿದಾಯಿತು. ಅವಳು ಗೆದ್ದೆನೆಂದುಕೊಂಡಳು.

ವರ್ಷದ ಕೊನೆಗೆ ತಂತ್ರಾಂಶ ಒಂದು ಚಿತ್ರ ಬರೆದು ತೋರಿಸಿತು. ಯಾವ ವರ್ಗದಲ್ಲಿ ಎಷ್ಟು ಅವಘಡಗಳಾದವು ಎಂಬುದು ಅದರಲ್ಲಿತ್ತು. ಅರ್ಧಕ್ಕಿಂತ ಹೆಚ್ಚು ಒಂದೇ ವರ್ಗಕ್ಕೆ ಸೇರಿದ್ದವು. ಆ ವರ್ಗದ ಹೆಸರು ಅಜಾಗರೂಕತೆ.

ಸಾಹುಕಾರ ಚಿತ್ರವನ್ನು ಬಹಳ ಹೊತ್ತು ನೋಡಿದ. “ನಾನು ಯಂತ್ರ ಬದಲಿಸಿದೆ, ನೆಲಕ್ಕೆ ಹೊಸ ಕಲ್ಲು ಹಾಕಿಸಿದೆ. ರೋಗ ಇದ್ದದ್ದು ಮನುಷ್ಯರಲ್ಲಿ” ಎಂದ. ಅಜಾಗರೂಕತೆಯಲ್ಲಿ ಮತ್ತೆ ಮತ್ತೆ ಹೆಸರು ಬಂದವರನ್ನು ಕೆಲಸದಿಂದ ಬಿಡಿಸಬೇಕೆಂದು ನಿರ್ಧರಿಸಿದ. ಹಾಗೆ ಹೆಸರು ಬಂದವರಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಯಮನೂರಪ್ಪ. ತುಂಬಿದ ಕ್ರೇಟುಗಳ ರಾಶಿಯನ್ನು ಎತ್ತಿ ಲಾರಿಗೆ ಏರಿಸುವ ಫೋರ್ಕ್‌ಲಿಫ್ಟ್ ಗಾಡಿಯನ್ನು ಅವನು ಓಡಿಸುತ್ತಿದ್ದ. ಡೈರಿ ಶುರುವಾದಾಗಿನಿಂದ ಇದ್ದವನು. ಮಾತು ಕಡಿಮೆ.

ನೀಲಾಂಬಿಕೆಗೆ ಏನೋ ಸರಿಯೆನಿಸಲಿಲ್ಲ. ಆದರೆ ಅಲ್ಲ ಎನ್ನಲೂ ಬಾಯಿ ಬರಲಿಲ್ಲ. ಚಿತ್ರ ಅವಳ ವರ್ಗಗಳಿಂದಲೇ ಆದದ್ದು. “ಒಂದೆರಡು ತಿಂಗಳು ಕೊಡಿ. ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ. ನಾನು ಇನ್ನೊಮ್ಮೆ ನೋಡುತ್ತೇನೆ” ಎಂದಳು. ಸಾಹುಕಾರ ಒಪ್ಪಿದ.

ಏನನ್ನು ನೋಡಬೇಕೆಂದು ಅವಳಿಗೂ ತಿಳಿದಿರಲಿಲ್ಲ. ಅದುವರೆಗೆ ಅವಳು ಟ್ಯಾಬಿನೊಳಗೆ ಬಂದು ಬಿದ್ದದ್ದನ್ನು ನೋಡಿದ್ದಳೇ ಹೊರತು ಅದು ಹೇಗೆ ಬಂದು ಬೀಳುತ್ತದೆ ಎಂಬುದನ್ನು ನೋಡಿರಲಿಲ್ಲ. ಹಾಗಾಗಿ ಪಾಳಿ ಬಿಡುವ ಹೊತ್ತಿಗೆ ಹೋಗಿ ಮೊಸರಿನ ವಿಭಾಗದ ಬಾಗಿಲಲ್ಲಿ ನಿಂತಳು. ಆ ದಿನ ಕಾಲು ಜಾರಿ ಬಿದ್ದಿದ್ದ ಹೆಂಗಸೊಬ್ಬಳು ಬಂದಳು. ಸೊಂಟ ಹಿಡಿದುಕೊಂಡೇ ಟ್ಯಾಬಿನ ಮುಂದೆ ನಿಂತು, ಸೆರಗಿಗೆ ಬೆರಳು ಒರೆಸಿ, ತೆರೆಯ ಮೇಲೆ ಮೊದಲು ಕಂಡ ಸಾಲನ್ನು ಒತ್ತಿ ಹೊರಟಳು.

“ಏನು ಒತ್ತಿದಿರಿ?” ಎಂದು ನೀಲಾಂಬಿಕೆ ಕೇಳಿದಳು.

“ಮೇಲಿನದು.”

“ಅಜಾಗರೂಕತೆಯಿಂದ ಬಿದ್ದಿರಾ?”

“ಇಲ್ಲ ಮೇಡಂ, ನೀರು ಚೆಲ್ಲಿತ್ತು. ಅದನ್ನು ಹುಡುಕಬೇಕೆಂದರೆ ಬಹಳ ಕೆಳಗೆ ಹೋಗಬೇಕು. ಬಸ್ಸು ಹೊರಡುತ್ತದೆ” ಎಂದು ಹೇಳಿ ಅವಳು ಹೋದಳು.

ನೀಲಾಂಬಿಕೆ ಟ್ಯಾಬಿನ ಮುಂದೆ ತಾನೇ ನಿಂತಳು. ತಂತ್ರಾಂಶವು ಅವಳು ಕೊಟ್ಟ ಹೆಸರುಗಳನ್ನು ಅಕ್ಷರಗಳ ಕ್ರಮದಲ್ಲಿ ಜೋಡಿಸಿಕೊಂಡಿತ್ತು. ಅಕಾರದಿಂದ ಶುರುವಾಗುವ ಅಜಾಗರೂಕತೆ ಎಲ್ಲಕ್ಕಿಂತ ಮೇಲೆ ಬಂದು ಕುಳಿತಿತ್ತು. ಅದರ ಕೆಳಗಿದ್ದದ್ದು ಅಮೋನಿಯಾ ಸೋರಿಕೆ, ಹಾಲು ತಣಿಸುವ ಯಂತ್ರದ ವಿಷಾನಿಲ. ಅದನ್ನು ಒತ್ತಿದರೆ ಇಡೀ ಡೈರಿಯಲ್ಲಿ ಸೈರನ್ ಕೂಗುತ್ತಿತ್ತು. ಆದ್ದರಿಂದ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಅವಳಿಗೆ ನಗು ಬಂತು. ಆದರೆ ಇದೇ ಹೆಸರಿನ ಮೇಲೆ ಜನರ ಕೆಲಸ ಹೋಗುವುದರಲ್ಲಿತ್ತು. ತಾನು ಕಂಡದ್ದು ಬರೀ ಒಬ್ಬ ಹೆಂಗಸಿನ ಅವಸರವೋ, ಇಡೀ ಡೈರಿಯ ಅಭ್ಯಾಸವೋ? ಇದನ್ನು ತಿಳಿಯಲು ಅವಳು ಒಂದು ಉಪಾಯ ಮಾಡಿದಳು. ಯಾರಿಗೂ ಹೇಳದೆ ಬೆಳಕಿನ ಕೊರತೆಯನ್ನು ಎಲ್ಲಕ್ಕಿಂತ ಮೇಲೆ ತಂದಳು. ಅಜಾಗರೂಕತೆಯನ್ನು ಎಲ್ಲಕ್ಕಿಂತ ಕೆಳಗೆ ಕಳಿಸಿದಳು.

ಆ ತಿಂಗಳು ಮುಗಿದಾಗ ಡೈರಿಯಲ್ಲಿ ಬೆಳಕೇ ಇಲ್ಲವೆಂದು ಚಿತ್ರ ಹೇಳಿತು. ಹಗಲಿನಲ್ಲಿ, ಬಯಲಿನಲ್ಲಿ, ಕ್ಯಾನು ಬಿದ್ದು ಕಾಲು ಜಜ್ಜಿಹೋದವನೂ ಬೆಳಕಿನ ಕೊರತೆ ಎಂದು ಒತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಸಾಹುಕಾರ ಚಿತ್ರ ನೋಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ. ಮೊದಲೇ ಬೆಳಗುತ್ತಿದ್ದ ಓಣಿಗಳಿಗೆ ಇನ್ನಷ್ಟು ದೀಪ ಹಾಕಿಸಲು ಅಳತೆ ಶುರುವಾಯಿತು. ಆಗ ನೀಲಾಂಬಿಕೆ ತಾನು ಮಾಡಿದ್ದನ್ನು ಹೇಳಿದಳು.

ಸಾಹುಕಾರನ ಮುಖ ಕೆಂಪಾಯಿತು. ಚಿತ್ರವನ್ನು ಪಕ್ಕಕ್ಕಿಟ್ಟು, “ಹಾಗಾದರೆ ಹಿಂದೆ ನಾನು ನಂಬಿದ್ದೂ ಇಂಥದ್ದನ್ನೇ ಏನು?” ಎಂದು ಕೇಳಿದ.

“ಇಂಥದ್ದನ್ನೇ” ಎಂದಳು ಅವಳು.

ಎಲೆಕ್ಟ್ರಿಷಿಯನ್ ಏಣಿಯನ್ನು ಮಡಚಿ ತೆಗೆದುಕೊಂಡು ಹೋದ. ಕೆಲಸದಿಂದ ಬಿಡಿಸುವ ಮಾತು ಅಲ್ಲಿಗೆ ನಿಂತಿತು. ಕತೆಯೂ ಅಲ್ಲಿಗೆ ನಿಲ್ಲಬಹುದಿತ್ತು.

ಆದರೆ ನೀಲಾಂಬಿಕೆ ಆ ತಿಂಗಳ ಘಟನೆಗಳನ್ನು ಒಂದೊಂದಾಗಿ ತೆರೆದು ಓದಿದಳು. ಓದುತ್ತ ಹೋದಂತೆ ಒಂದು ವಿಚಿತ್ರ ಕಂಡಿತು. ಎಲ್ಲರೂ ಅಜಾಗರೂಕತೆಯನ್ನು ಬಿಟ್ಟಿದ್ದರು. ಒಬ್ಬ ಮಾತ್ರ ಬಿಟ್ಟಿರಲಿಲ್ಲ. ಗಾಡಿ ಕಂಬಕ್ಕೆ ತಾಗಿತ್ತು, ಅಜಾಗರೂಕತೆ. ಕ್ರೇಟುಗಳ ರಾಶಿ ವಾಲಿತ್ತು, ಮತ್ತೆ ಅಜಾಗರೂಕತೆ. ಹೆಸರು ಯಮನೂರಪ್ಪ. ಅದನ್ನು ಒತ್ತಬೇಕೆಂದರೆ ಅವನು ಎಲ್ಲ ವರ್ಗಗಳನ್ನೂ ಬೆರಳಿನಿಂದ ಮೇಲಕ್ಕೆ ತಳ್ಳುತ್ತ ತಳ್ಳುತ್ತ ಕೊನೆಯವರೆಗೆ ಹೋಗಿರಬೇಕು. ಬೇರೆಯವರು ಒತ್ತಿದ್ದು ಹೆಸರನ್ನಲ್ಲ, ಜಾಗವನ್ನು. ಇವನು ಹೆಸರನ್ನೇ ಹುಡುಕಿಕೊಂಡು ಹೋಗಿದ್ದ. ತನ್ನ ಮೇಲೆ ತಪ್ಪು ಹೊರಿಸುವ ಹೆಸರನ್ನು ಮನುಷ್ಯ ಯಾಕೆ ಹುಡುಕಿಕೊಂಡು ಹೋಗುತ್ತಾನೆ?

ಇಲ್ಲಿ ಚಿದಂಬರ ತಡೆಯಲಾರದೆ, “ಯಾಕೆ ಗುರುಗಳೇ?” ಎಂದ.

“ಅವಳಿಗೂ ಅದೇ ಪ್ರಶ್ನೆ ಹುಟ್ಟಿತು. ಅದಕ್ಕೇ ಅವನಲ್ಲಿಗೆ ಹೋದಳು” ಎಂದು ಗುರುಗಳು ಕತೆಯನ್ನು ಮುಂದುವರಿಸಿದರು.

ಯಮನೂರಪ್ಪ ಲಾರಿ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿ ಚಹ ಕುಡಿಯುತ್ತಿದ್ದ. ಅವಳು ಅವನ ಎಡಗಡೆ ಹೋಗಿ ನಿಂತಳು. ಅವನು ನೋಡಲಿಲ್ಲ. ಕೆಮ್ಮಿದಳು. ಅವನು ಇಡೀ ತಲೆಯನ್ನೇ ತಿರುಗಿಸಿ ನೋಡಿ ಎದ್ದು ನಿಂತ.

ಅವಳು, “ಕೂತುಕೊಳ್ಳಿ. ಒಂದು ಮಾತು ಕೇಳಬೇಕಿತ್ತು. ಅಜಾಗರೂಕತೆ ಎಂಬುದು ಈಗ ಎಲ್ಲಕ್ಕಿಂತ ಕೆಳಗಿದೆ. ಅಲ್ಲಿಯವರೆಗೆ ಹೋಗಿ ಅದನ್ನೇ ಯಾಕೆ ಒತ್ತಿದಿರಿ?” ಎಂದಳು.

ಯಮನೂರಪ್ಪ ಲೋಟದಲ್ಲಿ ಉಳಿದ ಚಹವನ್ನು ನೋಡುತ್ತ ಹೇಳಿದ. “ಯಂತ್ರದ ದೋಷ ಅಂತ ಒತ್ತಿದರೆ ಮೆಕ್ಯಾನಿಕ್ ಬಂದು ಗಾಡಿ ನೋಡುತ್ತಾನೆ ಮೇಡಂ. ನೆಲ ಅಂತ ಒತ್ತಿದರೆ ಮೇಸ್ತ್ರಿ ಬಂದು ನೆಲ ನೋಡುತ್ತಾನೆ. ಯಾವುದನ್ನು ಒತ್ತಿದರೂ ಯಾರಾದರೂ ಒಬ್ಬರು ನೋಡುವುದಕ್ಕೆ ಬರುತ್ತಾರೆ. ಅಜಾಗರೂಕತೆ ಅಂದರೆ ಯಾರೂ ಬರುವುದಿಲ್ಲ. ಬೈದು ಬಿಟ್ಟುಬಿಡುತ್ತಾರೆ.”

“ಬಂದು ನೋಡಿದರೆ ಏನು ಸಿಗುತ್ತಿತ್ತು?”

ಅವನು ಲೋಟವನ್ನು ಪಕ್ಕಕ್ಕಿಟ್ಟ. ಅವಳು ಅಲ್ಲಿಂದ ಕದಲದೆ ನಿಂತಳು. ಲಾರಿಯೊಂದು ಬಂದು ಕಟ್ಟೆಗೆ ಹಿಂಬದಿ ಕೊಟ್ಟು ನಿಂತಿತು. ಅದರ ಸದ್ದು ಅಡಗಿದ ಮೇಲೆ ಯಮನೂರಪ್ಪ, “ಎಡಗಣ್ಣು ಹೋಗಿದೆ” ಎಂದ. “ಒಂದೇ ಸಲ ಹೋದದ್ದಲ್ಲ. ಅಂಚಿನಿಂದ ಸವೆಯುತ್ತ ಬಂತು. ಈಗ ಆ ಕಡೆ ಏನೂ ಇಲ್ಲ.”

ನೀಲಾಂಬಿಕೆ ತನ್ನ ವರ್ಗಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕಿದಳು. ಇವನಿಗೆ ಹೊಂದುವುದು ಒಂದೇ ಇತ್ತು. ಕೆಲಸಕ್ಕೆ ಅನರ್ಹ. ಅದನ್ನು ಸೇರಿಸಿದವಳೂ ತಾನೇ. ಸೇರಿಸುವಾಗ ಅದರೊಳಗೆ ಯಾರಾದರೂ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ ಎಂದು ಅವಳು ಎಣಿಸಿರಲಿಲ್ಲ. ಅವನು ಹೆದರಿದ್ದರಲ್ಲಿ ತಪ್ಪಿಲ್ಲ ಎಂದು ಅವಳಿಗೆ ತೋರಿತು. ಆದರೆ ಕಟ್ಟೆಯ ಮೇಲೆ ಹೆಂಗಸರು ಕ್ರೇಟು ಜೋಡಿಸುತ್ತ ಓಡಾಡುತ್ತಿದ್ದರು. ಗಾಡಿಯ ಎಡಗಡೆಯೂ ಓಡಾಡುತ್ತಿದ್ದರು.

“ಈಗಲೇ ಗಾಡಿಯ ಕೀಲಿ ನನಗೆ ಕೊಡಬೇಕು” ಎಂದಳು.

“ಕೊಟ್ಟರೆ ಮತ್ತೆ ಹತ್ತಿಸುತ್ತೀರಾ?”

ಸುಳ್ಳು ಹೇಳುವುದು ಸುಲಭವಿತ್ತು. ಅವಳು ಹೇಳಲಿಲ್ಲ. “ಗಾಡಿ ಹತ್ತಿಸಲಾರೆ. ಸಾಹುಕಾರರು ಏನನ್ನುತ್ತಾರೋ ಅದೂ ಗೊತ್ತಿಲ್ಲ. ಅವರ ಹತ್ತಿರ ನಿಮ್ಮ ಜೊತೆ ನಾನೂ ಬರುತ್ತೇನೆ. ಅಷ್ಟು ಮಾತ್ರ ಹೇಳಬಲ್ಲೆ.”

ಯಮನೂರಪ್ಪ ಕೀಲಿಯನ್ನು ಕಿಸೆಯಿಂದ ತೆಗೆದ. ಅದರ ಜೊತೆ ಮನೆಯ ಕೀಲಿಯೂ ಒಂದೇ ಉಂಗುರದಲ್ಲಿತ್ತು. ಬಿಡಿಸಲು ಅವನ ಬೆರಳುಗಳಿಗೆ ಬಹಳ ಹೊತ್ತು ಹಿಡಿಯಿತು. ಅವಳು ಕಾದಳು.

ಸಾಹುಕಾರ ಕೇಳಿದ ಕೂಡಲೇ ಕೆರಳಿದ. “ಕಣ್ಣು ಕಾಣದೆ ನನ್ನ ಜನರ ನಡುವೆ ಗಾಡಿ ಓಡಿಸಿದನೆ? ಯಾರಾದರೂ ಸತ್ತಿದ್ದರೆ? ಇವತ್ತೇ ಲೆಕ್ಕ ಮುಗಿಸಿ ಕಳಿಸಿ” ಎಂದ. ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಯಮನೂರಪ್ಪ ಬಾಗಿಲ ಬಳಿ ನಿಂತಿದ್ದ.

ನೀಲಾಂಬಿಕೆ ಹೇಳಿದಳು. “ಕಳಿಸಬಹುದು. ನಿಮಗೆ ಅಧಿಕಾರವಿದೆ. ಆದರೆ ಕೆಳಗೆ ಎಲ್ಲರೂ ಕೆಲಸ ನಿಲ್ಲಿಸಿ ಈ ಬಾಗಿಲನ್ನೇ ನೋಡುತ್ತಿದ್ದಾರೆ. ಇವರು ಹೇಗೆ ಹೊರಗೆ ಬರುತ್ತಾರೆ ಎಂದು ನೋಡಿದ ಮೇಲೆ, ಇನ್ನೊಬ್ಬರು ತಮ್ಮ ಕಣ್ಣಿನ ಮಾತು, ಕಿವಿಯ ಮಾತು ನನಗೆ ಹೇಳುವುದಿಲ್ಲ. ನನ್ನ ತಂತ್ರಾಂಶದಲ್ಲಿ ಆಮೇಲೆ ನಾನು ಏನು ಬರೆದಿಟ್ಟರೂ ಅಷ್ಟೆ.”

ಸಾಹುಕಾರ ಕಿಟಕಿಯ ಹತ್ತಿರ ಹೋದ. ಕೆಳಗೆ ನಿಜವಾಗಿಯೂ ಜನ ನಿಂತಿದ್ದರು. ಮೊಸರಿನ ವಿಭಾಗದವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಿದ್ದರು. ಅವನು ತಿರುಗಿ ಬಂದು ಕುರ್ಚಿಯ ಮೇಲೆ ಕುಳಿತ. ಅವನ ಸಿಟ್ಟು ಹೋಗಿರಲಿಲ್ಲ. ಆದರೆ ಸಿಟ್ಟಿನ ಜೊತೆಗೆ ಒಂದು ಕುತೂಹಲವೂ ಹುಟ್ಟಿತ್ತು.

“ಒಂದು ಕಣ್ಣಿಟ್ಟುಕೊಂಡು ಹೇಗೆ ಓಡಿಸಿದೆಯಪ್ಪ ಇಷ್ಟು ದಿನ?” ಎಂದು ಯಮನೂರಪ್ಪನನ್ನೇ ಕೇಳಿದ.

ಇದನ್ನು ಯಾರೂ ಅವನ ಹತ್ತಿರ ಕೇಳಿರಲಿಲ್ಲ. ಯಮನೂರಪ್ಪ ಮೊದಲು ತಡವರಿಸಿದ, ಆಮೇಲೆ ಹೇಳತೊಡಗಿದ. ಗೋಡೆ ಹತ್ತಿರವಾದರೆ ಗಾಡಿಯ ಸದ್ದು ದಪ್ಪವಾಗುತ್ತದೆ. ತಣ್ಣನೆಯ ಕೋಣೆಯ ಬಾಗಿಲು ತೆರೆದಿದ್ದರೆ ಎಡಗೆನ್ನೆಗೆ ಚಳಿ ತಾಗುತ್ತದೆ. ಖಾಲಿ ಕ್ರೇಟು ಸಿಕ್ಕಿದರೆ ಒಂದು ಸದ್ದು, ತುಂಬಿದ್ದಾದರೆ ಇನ್ನೊಂದು. ಜನ ಮಾತಾಡುತ್ತಿದ್ದರೆ ಭಯವಿಲ್ಲ. “ಸುಮ್ಮನೆ ನಡೆದು ಬರುವವರದೇ ಭಯ ಸಾಹುಕಾರರೇ. ಅದಕ್ಕೇ ನಿದ್ದೆ ಹತ್ತುತ್ತಿರಲಿಲ್ಲ” ಎಂದು ಹೇಳಿ ನಿಲ್ಲಿಸಿದ.

ಸಾಹುಕಾರ ಅವನನ್ನು ಕಣ್ಣಿನ ವೈದ್ಯರ ಬಳಿ ಕಳಿಸಿದ. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಅದು. ಹೋದದ್ದು ಮರಳಿ ಬರುವುದಿಲ್ಲ, ಔಷಧಿ ಬಿಟ್ಟುಕೊಳ್ಳುತ್ತಿದ್ದರೆ ಬಲಗಣ್ಣು ಉಳಿಯುತ್ತದೆ, ಇನ್ನೊಂದಿಷ್ಟು ತಡವಾಗಿದ್ದರೆ ಅದೂ ಹೋಗುತ್ತಿತ್ತು ಎಂದು ವೈದ್ಯರು ಹೇಳಿದರು. ಮರುದಿನ ಬೆಳಿಗ್ಗೆ ಯಮನೂರಪ್ಪ ಎಂದಿನಂತೆ ಡೈರಿಯ ಗೇಟಿನೊಳಗೆ ಬಂದ. ಅವನನ್ನು ಹಾಲು ಇಳಿಸಿಕೊಳ್ಳುವ ಕಡೆ ಹಾಕಿದ್ದರು. ಹಳ್ಳಿಗಳಿಂದ ಬಂದ ಕ್ಯಾನುಗಳ ಮುಚ್ಚಳ ತೆಗೆದು, ಹಾಲು ಹುಳಿಯಾಗಿದೆಯೋ ಇಲ್ಲವೋ ಎಂದು ಮೂಸಿ ಹೇಳುವ ಕೆಲಸ. ಸಂಬಳ ಮೊದಲಿನಷ್ಟೇ. ಅವನು ಅದನ್ನು ಬೇಗ ಕಲಿಯಲಿಲ್ಲ. ಮೊದಮೊದಲು ಒಳ್ಳೆಯ ಹಾಲನ್ನೂ ಹಿಂದಕ್ಕೆ ಕಳಿಸಿ ಹಳ್ಳಿಯವರಿಂದ ಬೈಸಿಕೊಂಡ. ಬಿಡುವಾದಾಗ ಲಾರಿ ಕಟ್ಟೆಯ ಹತ್ತಿರ ಹೋಗಿ, ಹೊಸಬ ಗಾಡಿ ಓಡಿಸುವುದನ್ನು ನೋಡುತ್ತ ನಿಲ್ಲುತ್ತಿದ್ದ. ಅದನ್ನು ಕಂಡಾಗ ನೀಲಾಂಬಿಕೆಗೆ ಕಷ್ಟವಾಗುತ್ತಿತ್ತು.

ಅವಳು ತಂತ್ರಾಂಶವನ್ನು ಮತ್ತೆ ತೆರೆದಳು. ಅಜಾಗರೂಕತೆಯನ್ನು ತೆಗೆದಳು. ಕೆಲಸಕ್ಕೆ ಅನರ್ಹ ಎಂಬುದನ್ನೂ ತೆಗೆದಳು. ತಾನು ಆಸೆಯಿಂದ ಸೇರಿಸಿದ್ದ ಬಹುಪಾಲು ಹೆಸರುಗಳು ಹೋದವು. ಒಂದೇ ತೆರೆಯಲ್ಲಿ ಹಿಡಿಯುವಷ್ಟನ್ನು ಉಳಿಸಿದಳು. ‘ಇತರೆ’ಯನ್ನು ಹಾಗೆಯೇ ಬಿಟ್ಟು, ಅದನ್ನು ಒತ್ತಿದವರು ನಡೆದದ್ದನ್ನು ತಮ್ಮದೇ ಮಾತಿನಲ್ಲಿ ಹೇಳಿ ಹೋಗುವಂತೆ ಮಾಡಿದಳು. ಟ್ಯಾಬು ಅವರ ದನಿಯನ್ನು ಹಿಡಿದಿಡುತ್ತಿತ್ತು.

ಕೆಲವು ದಿನ ಹೊಸದೇನೂ ಬರಲಿಲ್ಲ. ಆಮೇಲೆ ‘ಇತರೆ’ ತುಂಬತೊಡಗಿತು. ಬಾಯ್ಲರ್ ನೋಡಿಕೊಳ್ಳುವವನು ತನಗೆ ಎಚ್ಚರಿಕೆಯ ಗಂಟೆ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಹೇಳಿದ. ಪೊಟ್ಟಣದ ವಿಭಾಗದ ಒಬ್ಬಳು, ಹೊಸ ಮಾತ್ರೆ ಶುರುವಾದಾಗಿನಿಂದ ಯಂತ್ರದ ಮುಂದೆಯೇ ಕಣ್ಣು ಮುಚ್ಚಿಹೋಗುತ್ತದೆ ಎಂದಳು. ಇನ್ನೊಬ್ಬ ತನಗೆ ಓದಲು ಬರುವುದಿಲ್ಲವೆಂದೂ, ಇಷ್ಟು ದಿನ ಪಕ್ಕದವರು ಯಾವುದನ್ನು ಒತ್ತಿದರೋ ಅದನ್ನೇ ಒತ್ತುತ್ತಿದ್ದೆನೆಂದೂ ಹೇಳಿದ. ನೀಲಾಂಬಿಕೆ ಒಂದೊಂದನ್ನೂ ಕೇಳಿ, ಕೇಳಿದ ದಿನವೇ ಆ ಮನುಷ್ಯನಿರುವ ಕಡೆಗೆ ನಡೆದು ಹೋಗುತ್ತಿದ್ದಳು.

ಗುರುಗಳು ಕತೆಯನ್ನು ಇಷ್ಟಕ್ಕೆ ಮುಗಿಸಿದರು.

ಚಿದಂಬರ ಯೋಚಿಸುತ್ತ ಕುಳಿತಿದ್ದ. “ಕೊನೆಗೆ ಅವಳು ಯಾವ ಯಾವ ವರ್ಗಗಳನ್ನು ಉಳಿಸಿಕೊಂಡಳು?” ಎಂದು ಕೇಳಿದ.

“ಅದನ್ನು ನಾನು ಕೇಳಲಿಲ್ಲ” ಎಂದರು ಗುರುಗಳು.

“ಹೋಗಲಿ, ಇದನ್ನಾದರೂ ಹೇಳಿ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಜನ, ಆಮೇಲೆ ತಾವಾಗಿಯೇ ಬಂದು ಹೇಗೆ ಹೇಳಿದರು?”

ಗುರುಗಳು ಎದ್ದು, ಹೊದ್ದಿದ್ದ ವಸ್ತ್ರವನ್ನು ಹೆಗಲ ಮೇಲೆ ಸರಿಪಡಿಸಿಕೊಂಡರು.

“ನಿನ್ನ ಅಡುಗೆಮನೆಯಲ್ಲಿ ಮೊದಲು ನಿಜ ಹೇಳಿದವನು ಈಗ ಎಲ್ಲಿದ್ದಾನೆ, ಚಿದಂಬರ?”

ಚಿದಂಬರ ತಲೆ ತಗ್ಗಿಸಿದ. ಗ್ಯಾಸ್ ಸೋರಿದ್ದು ತನ್ನ ಕೈತಪ್ಪಿನಿಂದ ಎಂದು ಒಪ್ಪಿಕೊಂಡಿದ್ದ ಅಡುಗೆಯವನನ್ನು ಆಶ್ರಮದಿಂದ ಕಳಿಸಿಬಿಟ್ಟಿದ್ದರು.